ಹಿಂದಕ್ಕೆ ತಿರುಗಿದ ಗಿರಣಿ

ರಜಾಕನ ಅಂಗಡಿಯೊಳಗೆ ಗಂಡಸಿನ ದನಿ ಕೇಳುತ್ತದೆ ಎಂಬ ಮಾತು ಮೊದಲು ಹುಟ್ಟಿದ್ದು ಎದುರಿನ ಚಹದಂಗಡಿಯಲ್ಲಿ. ಅಬ್ದುಲ್ ರಜಾಕ ತೀರಿಕೊಂಡು ತಿಂಗಳು ದಾಟಿತ್ತು. ಮುಂಡಗೋಡದ ಆ ಓಣಿಯಲ್ಲಿ ಸುಟ್ಟ ಮೋಟರುಗಳಿಗೆ ಹೊಸ ತಂತಿ ಸುತ್ತಿಕೊಡುವ ಅವನ ವೈಂಡಿಂಗ್ ಅಂಗಡಿಯ ಶಟರ್ ಅಂದಿನಿಂದ ಮೇಲೆದ್ದಿರಲಿಲ್ಲ. ಆದರೂ ಮಧ್ಯಾಹ್ನ ಓಣಿ ಸದ್ದಡಗಿದ ಹೊತ್ತಿನಲ್ಲಿ ಶಟರಿನ ಹಿಂದೆ ಯಾರೋ ಮೆಲ್ಲಗೆ ಏನನ್ನೋ ವಿವರಿಸುತ್ತಿರುವುದು ಕೇಳುತ್ತಿತ್ತು. ನಡುನಡುವೆ ಮರದ ಸುತ್ತಿಗೆಯ ಸದ್ದು. ಹಸಿ ವಾರ್ನಿಷಿನ ವಾಸನೆ.

“ಅರ್ಧಕ್ಕ ಬಿಟ್ಟ ಕೆಲಸಾ ಮುಗಸಾಕ ಬಂದಾನ ನೋಡ್ರಿ,” ಎಂದ ಚಹದಂಗಡಿಯ ದ್ಯಾಮಪ್ಪ. “ಬದುಕಿದ್ದಾಗ ಹೇಳಿದ ದಿನಾ ಒಮ್ಮಿನೂ ಕೊಡಲಿಲ್ಲ. ಈಗರ ಕೊಡ್ತಾನೇನೋ!”

ಎಲ್ಲರೂ ನಕ್ಕರು. ನಕ್ಕವರೇ ಮನೆಗೆ ಹೋಗುವಾಗ ಆ ಶಟರಿನ ಮುಂದೆ ಹಾಯದೆ ಓಣಿಯ ಈಚೆ ಬದಿಗೆ ಸರಿದು ನಡೆದರು.

ಒಳಗಿದ್ದವಳು ರಜಾಕನ ಹೆಂಡತಿ ಸಿರಾಜುನ್ನಿಸಾ. ಗಂಡ ಹೋದ ಮೇಲೆ ಹೆಂಡತಿ ಮನೆಯೊಳಗೇ ಕಳೆಯುವ ಇದ್ದತ್ತಿನ ಕಾಲ ಅವಳದು. ನಾಲ್ಕು ತಿಂಗಳು ಹತ್ತು ದಿನ ಹೊಸ್ತಿಲು ದಾಟುವಂತಿಲ್ಲ, ಹೊರಗಿನ ಗಂಡಸರೊಂದಿಗೆ ಮಾತಿಲ್ಲ. ಆದರೆ ಅಡುಗೆಮನೆಯಿಂದ ಅಂಗಡಿಗೆ ಒಂದು ಬಾಗಿಲಿತ್ತು. ಮೊದಮೊದಲು ಅವಳು ಆ ಬಾಗಿಲು ತೆರೆದದ್ದು ಅವನ ವಾಸನೆಗಾಗಿ. ಮೊಳೆಗೆ ನೇತುಹಾಕಿದ ಅವನ ಖಾಕಿ ಅಂಗಿ ಹಾಗೇ ಇತ್ತು. ನೆಲದ ತುಂಬ ಜನ ದುರಸ್ತಿಗೆ ಬಿಟ್ಟುಹೋದ ಸುಟ್ಟ ಮೋಟರುಗಳು.

ದಾಂಡೇಲಿಯ ಕಾಗದದ ಮಿಲ್ಲಿನಲ್ಲಿ ಕೆಲಸ ಮಾಡುವ ಅವಳ ಅಣ್ಣ ತಾರಿಕ ಮೂರನೆಯ ದಿನದ ಫಾತಿಹಾ ಪ್ರಾರ್ಥನೆ ಮುಗಿದೊಡನೆ ಹೇಳಿ ಹೋಗಿದ್ದ. “ಇದ್ದತ್ ಮುಗದ ದಿನಾ ಟೆಂಪೋ ತರ್ತೇನಿ, ಸಿರಾಜ. ಈ ತಾಮ್ರಾ, ಕಬ್ಬಿಣಾ ಗುಜರಿಗೆ ಹಾಕೂಣು. ನೀನು, ಮೆಹರೀನ ನಮ್ಮನ್ಯಾಗ ಇರ್ರಿ. ಅಂಗಡಿ ಇಟ್ಕೊಂಡು ನೀ ಏನ್ ಮಾಡ್ತಿ?” ಪ್ರೀತಿಯಿಂದಲೇ ಹೇಳಿದ್ದ. ಅಣ್ಣನ ಮನೆಯ ಒಂದು ಮೂಲೆ, ಅತ್ತಿಗೆಯ ಒಲೆ, ಮಗಳು ಮೆಹರೀನಳ ಕಾಲೇಜು ಅರ್ಧಕ್ಕೆ. 

ಒಂದು ಮಧ್ಯಾಹ್ನ ಜೊಹರ್ ನಮಾಜು ಮುಗಿಸಿ ಬಂದು, ಬಿಸ್ಮಿಲ್ಲಾ ಎಂದು ಒಂದು ಸುಟ್ಟ ಮೋಟರನ್ನು ಎದುರಿಗೆಳೆದುಕೊಂಡಳು. ಹಿಂದೆ ಯಾವಾಗಲೋ ಗಂಡನೇ ಸುತ್ತಿದ್ದ ತಂತಿ. ಒಂದೊಂದೇ ಸುತ್ತು ಬಿಚ್ಚಿದಳು. ಬಿಚ್ಚಿದ್ದರ ತಿರುವುಮುರುವೇ ಕಟ್ಟುವ ದಾರಿಯಲ್ಲವೇ ಎಂದುಕೊಂಡಳು. ಅರ್ಥವಾಗದ ಕಡೆ ಮಗಳ ಹಳೆಯ ಮೊಬೈಲಿತ್ತು. ಅದರಲ್ಲಿ ಯಾವುದೋ ದೂರದ ಊರಿನ ಮಿಸ್ತ್ರಿಯೊಬ್ಬ ಹಿಂದಿಯಲ್ಲಿ ವೈಂಡಿಂಗ್ ಹೇಳಿಕೊಡುತ್ತಿದ್ದ. ಅವನನ್ನು ಅಲ್ಲಲ್ಲೇ ನಿಲ್ಲಿಸಿ, ಮತ್ತೆ ಮೊದಲಿನಿಂದ ಹೇಳಿಸಿ, ಅವನು ಹೇಳಿದ್ದು ತನ್ನ ಕೈಗೆ ಒಗ್ಗುವವರೆಗೆ ಬಿಡುತ್ತಿರಲಿಲ್ಲ. ಓಣಿಯವರು ಕೇಳಿದ ಗಂಡಸಿನ ದನಿ ಅದು.

ಮೊದಲ ಮೋಟರು ಹೊಗೆಯಾಡಿತು. ಎರಡನೆಯದು ಇಡೀ ಮನೆಯ ಕರೆಂಟು ಹಾರಿಸಿತು. ಮತ್ತೆ ಬಿಚ್ಚಿದಳು, ಮತ್ತೆ ಸುತ್ತಿದಳು. ಬೆರಳ ತುದಿಗಳು ತಂತಿಗೆ ಸೀಳಿ, ಹಿಟ್ಟು ಕಲಸುವಾಗ ಉಪ್ಪು ತಾಗಿ ಉರಿಯುತ್ತಿದ್ದವು. ಒಂದು ಮಾತ್ರ ಅವಳಿಗೆ ಯಾರೂ ಕಲಿಸಬೇಕಿರಲಿಲ್ಲ. ಮದುವೆಯಾದಾಗಿನಿಂದ ಗೋಡೆಯಾಚೆ ಒಲೆಯ ಮುಂದೆ ಕೂತು ಕೇಳಿದ್ದಳಲ್ಲ, ಸರಿಯಾಗಿ ಸುತ್ತಿದ ಮೋಟರು ಹೇಗೆ ಗುಂಯ್‌ಗುಡುತ್ತದೆ, ಕೆಟ್ಟದ್ದು ಹೇಗೆ ನರಳುತ್ತದೆ ಎಂಬುದು ಕಿವಿಗೆ ಗೊತ್ತಿತ್ತು.

ಸ್ವಿಚ್ ಹಾಕುವ ಮುನ್ನ ರಜಾಕ ಸ್ಕ್ರೂಡ್ರೈವರಿನ ಹಿಡಿಯಿಂದ ಮೋಟರಿನ ಮೈಮೇಲೆ ಟಕ್ ಟಕ್ ಎಂದು ತಟ್ಟುತ್ತಿದ್ದ. ಯಾಕೆ ಎಂದು ಅವಳು ಒಮ್ಮೆಯೂ ಕೇಳಿರಲಿಲ್ಲ. ಮೊದಲ ಬಾರಿ ಒಂದು ಮೋಟರು ಸರಿಯಾಗಿ ಓಡಿದ ದಿನ, ಸ್ವಿಚ್ಚಿಗೆ ಕೈ ಚಾಚಿದಾಗ ಆ ಸದ್ದು ಕೇಳಿಸಿತು. ಟಕ್ ಟಕ್. ಸ್ಕ್ರೂಡ್ರೈವರು ಅವಳ ಮಡಿಲಲ್ಲೇ ಇತ್ತು. ಅಂದಿನಿಂದ ಪ್ರತಿ ಮೋಟರಿಗೂ ಅವಳು ಕಾಯುತ್ತಿದ್ದಳು, ಅದು ಕೇಳಿಸುತ್ತಿತ್ತು. ಹೆದರಿಕೆಯಾಗಲಿಲ್ಲ. ಪಕ್ಕದಲ್ಲಿ ಯಾರೋ ಕೂತಂತಾಗುತ್ತಿತ್ತು.

ಹಾಗೆ ಮುಗಿದ ಕೆಲಸಗಳಲ್ಲಿ ಹತ್ತಿರದ ಪಾಳಾ ಊರಿನ ನೀಲಕ್ಕನ ಹಿಟ್ಟಿನ ಗಿರಣಿಯ ಮೋಟರೂ ಒಂದು. ಅದರ ಮೈಗೆ ಜಿಡ್ಡು, ಹಿಟ್ಟು, ಸುಣ್ಣ ಎಲ್ಲ ಮೆತ್ತಿಕೊಂಡಿತ್ತು. ಸಿರಾಜುನ್ನಿಸಾ ಪಾತ್ರೆ ತಿಕ್ಕುವಂತೆ ಸೀಮೆಎಣ್ಣೆ ಹಾಕಿ ತಿಕ್ಕಿ, ಹೊಳೆಯುವಂತೆ ಮಾಡಿ, ಆಮೇಲೆ ಸುತ್ತಿದಳು. ನೀಲಕ್ಕನ ಮಗ ಕಿರಣಕುಮಾರ ಒಯ್ಯಲು ಬಂದಾಗ ಮೆಹರೀನ ಶಟರನ್ನು ಅರ್ಧ ಎತ್ತಿ ಕೊಟ್ಟಳು.

“ಯಾರ್ ಮಾಡಿದ್ರು?” ಎಂದು ಅವನು ಕೇಳಿದ.

“ಅಬ್ಬಾನ ಮುಗಿಸಿ ಇಟ್ಟಿದ್ರು,” ಎಂದಳು ಮೆಹರೀನ. ತಾಯಿ ಹಾಗೆ ಹೇಳೆಂದಿದ್ದಳು. ಇದ್ದತ್ತಿನಲ್ಲಿ ಕೂತವಳು ಸುತ್ತಿಗೆ ಹಿಡಿದಳು ಎಂದು ನಂಟರು ಆಡಿಕೊಂಡಾರು ಎಂಬ ಅಂಜಿಕೆ.

ಇದ್ದತ್ ಮುಗಿಯುವ ಹೊತ್ತಿಗೆ ಪಾಳಾದಿಂದ ಸುದ್ದಿ ಬಂತು. ಚಹದಂಗಡಿಯಲ್ಲಿ ಕೇಳಿಕೊಂಡು ಬಂದ ಮೆಹರೀನ ಬಾಗಿಲಲ್ಲೇ ನಿಂತಳು.

“ಅಮ್ಮಿ, ಗಿರಣಿ ಉಲ್ಟಾ ತಿರಗಾಕ ಹತ್ತೇತಂತ. ಸತ್ತವ್ರ ಪಾದಾ ಹಿಂದ ಮುಂದ ಇರ್ತಾವ, ಅವರು ಸುತ್ತಿದ ಮೋಟರಾನೂ ಹಂಗ ಅಂತಾರ. ಅಬ್ಬಾನ ದೆವ್ವ ಅಂತ. ಮುಟ್ಟಾಕ ಯಾರೂ ಒಲ್ಲರು.”

ಸಿರಾಜುನ್ನಿಸಾಳಿಗೆ ಮೋಟರಿನ ಮೈಮೇಲಿದ್ದ ಸುಣ್ಣ ನೆನಪಾಯಿತು. ಅದು ಕೊಳೆಯಲ್ಲ. ಮೋಟರು ಬಂದೊಡನೆ ಗಂಡ ಮೊದಲು ಕೇಳುತ್ತಿದ್ದದ್ದೇ ಯಾವ ಕಡೆಗೆ ತಿರುಗುತ್ತದೆ ಎಂದು. ಕೇಳಿ, ಸುಣ್ಣದಲ್ಲಿ ಒಂದು ಬಾಣದ ಗುರುತು ಬರೆದಿಡುತ್ತಿದ್ದ. ಅದನ್ನು ಅವಳು ತಿಕ್ಕಿ ತೊಳೆದುಬಿಟ್ಟಿದ್ದಳು. ತೊಳೆದ ಮೇಲೆ ಕೇಳಲು ಹೊರಗೆ ಹೋಗುವಂತಿರಲಿಲ್ಲ. ಕೇಳಬೇಕೆಂಬುದೂ ಆಗ ಹೊಳೆದಿರಲಿಲ್ಲ.

ಮರುದಿನ ಅಂಗಡಿಗೆ ಕಾಲಿಟ್ಟಾಗ ಖಾಕಿ ಅಂಗಿ ನೆಲದ ಮೇಲೆ ಬಿದ್ದಿತ್ತು. ಗಾಳಿ ಎಂದುಕೊಂಡಳು. ಆ ಕೋಣೆಗೆ ಕಿಟಕಿ ಇರಲಿಲ್ಲ. ಎತ್ತಿ ನೇತುಹಾಕಿದಳು, ಆದರೆ ಅದರ ಕಡೆ ನೋಡಲಾಗಲಿಲ್ಲ. ನಮಾಜಿಗೆ ನಿಂತರೂ ಬೆನ್ನ ಹಿಂದೆ ಯಾರೋ ಮಾತಾಡದೆ ನಿಂತಿದ್ದಾರೆ ಅನಿಸುತ್ತಿತ್ತು. ಮೊಬೈಲಿನ ಮಿಸ್ತ್ರಿಯನ್ನು ಹಚ್ಚಿದರೆ ಅವನ ದನಿಯಲ್ಲೂ ಗಂಡನ ದನಿಯೇ ಬೆರೆತಂತೆ ಕೇಳುತ್ತಿತ್ತು.

ಹೇಳಿದ ದಿನವೇ ತಾರಿಕ ಟೆಂಪೋ ತಂದ. ಅವಳು ಸ್ಕ್ರೂಡ್ರೈವರು, ತಂತಿ ಹಿಡಿಯುವ ಪಕ್ಕಡ ಚೀಲಕ್ಕೆ ಹಾಕಿಕೊಂಡು ಬುರ್ಖಾ ತೊಟ್ಟು ನಿಂತಿದ್ದಳು.

“ಮೊದಲ ಪಾಳಾಕ್ಕ ಹೋಗೂಣು, ಭಾಯಿ.”

ದಾರಿಯಲ್ಲಿ ಎಲ್ಲ ಹೇಳಿದಳು, ಅಂಗಡಿ ತಾನೇ ನಡೆಸುವ ಆಸೆಯನ್ನೂ. ತಾರಿಕ ಟೆಂಪೋದ ವೇಗ ತಗ್ಗಿಸಿ ಅವಳ ಕಡೆ ತಿರುಗಿದ.

“ನೀ ಮಾಡಿದ್ದಂತ ಒಪ್ಪಿದ್ರ ನಾಳೆ ಒಬ್ರೂ ಮೋಟರ್ ತರೂದಿಲ್ಲ. ಅಂಗಡೀ ಆಸೆ ಅಲ್ಲಿಗೇ ಮುಗೀತು. ಸುಮ್ಮನಿದ್ರ ರಜಾಕಗ ಏನಾತು? ಹೋದಾಂವ ಹೋದ.”

“ಈ ತಪ್ಪು ನಂದಲ್ಲ ಅಂತ ಹೇಳಾಕ ಅವರು ಎದ್ದು ಬರಂಗಿಲ್ಲಲ್ಲ, ಭಾಯಿ.”

ನಿಂತ ಗಿರಣಿಯ ಮುಂದೆ ಹೆಂಗಸರು ಜೋಳದ ಡಬ್ಬಿ ಇಟ್ಟುಕೊಂಡು ಕೂತಿದ್ದರು. ಹಣೆಯ ತುಂಬ ವಿಭೂತಿ ಹಚ್ಚಿದ ನೀಲಕ್ಕ ಬಾಗಿಲಲ್ಲಿದ್ದಳು. ಒಳಗೆ ಮೋಟರಿಗೆ ನಿಂಬೆಹಣ್ಣು, ಮೆಣಸಿನಕಾಯಿ ಕಟ್ಟಿತ್ತು. ಹಿಟ್ಟು ಹೊರಬರದೆ ಕಲ್ಲಿನೊಳಗೇ ಸುತ್ತಿ ಸೀದ ವಾಸನೆ ಇನ್ನೂ ಹೋಗಿರಲಿಲ್ಲ.

“ಬರ್ರಿ ಬೀಬಿಯವ್ರ,” ಎಂದಳು ನೀಲಕ್ಕ, ಎದ್ದು ನಿಲ್ಲದೆ. “ನಿಮ್ಮ ಮನಿಯವ್ರು ಭಾಳ ಒಳ್ಳೇರು. ಅವರಿಗೆ ಏನ್ ಕಡಿಮಿ ಮಾಡಿದ್ವಿ ಅಂತ ಹಿಂಗ ನಮ್ಮ ಗಿರಣ್ಯಾಗ ಬಂದು ಕುಂತಾರ, ಹೇಳ್ರಿ.”

“ಅವರು ಬಂದಿಲ್ಲ, ನೀಲಕ್ಕ. ಮೋಟರ್ ಸುತ್ತಿದಾಕಿ ನಾನು. ತಪ್ಪೂ ನಂದ.”

“ಸುಮ್ಮನಿರ್ರಿ! ಗಂಡನ ಹೆಸರ ಉಳಸಾಕ ಸುಳ್ಳ ಹೇಳ್ತೀರಿ. ಒಳಗ ಗಂಡಸರ ದನಿ ಕೇಳತೈತಿ ಅಂತ ಮುಂಡಗೋಡ ತುಂಬ ಮಾತೈತಿ.”

ಸಿರಾಜುನ್ನಿಸಾ ಚೀಲದಿಂದ ಮೊಬೈಲು ತೆಗೆದು ಹಚ್ಚಿದಳು. ಹಿಂದಿಯ ಮಿಸ್ತ್ರಿ ಗಿರಣಿಯ ತುಂಬ ಮಾತಾಡತೊಡಗಿದ. ಡಬ್ಬಿಯ ಮುಂದೆ ಕೂತಿದ್ದ ಮುದುಕಿ ಸತ್ತೆವ್ವ ಬೊಚ್ಚುಬಾಯಿ ತೆರೆದು ನಕ್ಕಳು. “ಇದ ಏನ ನಿಮ್ಮ ದೆವ್ವಾ? ಉಸರಾ ಬಿಡವಲ್ದು, ಎಷ್ಟ್ ಮಾತಾಡ್ತೈತಿ!”

ನಗು ಹಬ್ಬಿತು. ನೀಲಕ್ಕ ಮಾತ್ರ ನಗಲಿಲ್ಲ. “ಅಂದ್ರ ಕಲಿಯೂದಕ್ಕ ನನ್ನ ಮೋಟರೇ ಸಿಕ್ತೇನು ನಿಮಗ?” ಎಂದಳು.

ಆ ಮಾತಿಗೆ ಸಿರಾಜುನ್ನಿಸಾ ತಲೆ ತಗ್ಗಿಸಿದಳು. ಬಾಣದ ಗುರುತಿನ ಸಂಗತಿ ಹೇಳಿದಳು, ತೊಳೆದದ್ದನ್ನೂ ಹೇಳಿದಳು. “ಕೇಳಬೇಕಾಗಿತ್ತು, ಕೇಳಲಿಲ್ಲ. ಈಗ ಕೇಳ್ತೇನಿ. ಯಾವ ಕಡೆ ತಿರಗಬೇಕು, ನೀಲಕ್ಕ?”

ನೀಲಕ್ಕ ಅವಳ ಸೀಳಿದ ಬೆರಳುಗಳನ್ನು ನೋಡಿದಳು. ಆಮೇಲೆ ಎದ್ದು ನಿಂಬೆಹಣ್ಣಿನ ದಾರವನ್ನು ತಾನೇ ಬಿಚ್ಚಿದಳು. ಗೂಡಿನಿಂದ ವಿಭೂತಿ ತೆಗೆದು ಮೋಟರಿನ ಮೈಮೇಲೆ ಒಂದು ಬಾಣ ಎಳೆದಳು. “ಹಿಂಗ.”

ಕಿರಣಕುಮಾರ ಫ್ಯೂಜ್ ಕಿತ್ತ. ಸಿರಾಜುನ್ನಿಸಾ ಮುಚ್ಚಳ ತೆಗೆದು ಒಳಗಿನ ಎರಡು ತಂತಿಗಳ ತುದಿ ಅದಲುಬದಲು ಮಾಡಿ ಕಟ್ಟಿದಳು. ಬಹಳ ಹೊತ್ತಿನ ಕೆಲಸವಲ್ಲ. ಫ್ಯೂಜ್ ಮತ್ತೆ ಹಾಕಿದ ಮೇಲೆ ಸ್ವಿಚ್ಚಿನ ಮೇಲೆ ಕೈಯಿಟ್ಟು ನಿಂತಳು.

ಕಾದಳು. ಎಲ್ಲರೂ ಅವಳನ್ನೇ ನೋಡುತ್ತಿದ್ದರು. ಆ ಟಕ್ ಟಕ್ ಸದ್ದು ಬರಲಿಲ್ಲ. ಇನ್ನೂ ಕಾದಳು.

“ಏನಾತು?” ಎಂದ ತಾರಿಕ.

“ಏನಿಲ್ಲ,” ಎಂದು ಬಿಸ್ಮಿಲ್ಲಾ ಹೇಳಿ ಸ್ವಿಚ್ ಒತ್ತಿದಳು.

ಬೆಲ್ಟು ಬಾಣದ ಕಡೆಗೆ ಓಡಿತು. ಕಲ್ಲು ಗುಡುಗಿ, ಬಾಯಿಂದ ಬಿಳಿ ಹಿಟ್ಟು ಸುರಿಯಿತು. ನೀಲಕ್ಕ ಮೊದಲ ಮುಷ್ಟಿಯನ್ನು ಬೆರಳಲ್ಲಿ ಉಜ್ಜಿ ನೋಡಿದಳು. ಹೊರಡುವಾಗ ಬಾಗಿಲವರೆಗೂ ಬಂದಳು. “ಹೊಲದಾಗಿನ ಪಂಪೂ ಸುಟ್ಟೈತಿ. ಕಿರಣ್ಯಾನ ಕೂಡ ಕಳಸ್ತೇನಿ. ಈ ಸಲಾ ಕೇಳಿ ಮಾಡ್ರಿ ಮತ್ತ.”

ತಿರುಗಿ ಬರುವಾಗ ತಾರಿಕ ಗುಜರಿಯ ಮಾತೆತ್ತಲಿಲ್ಲ. ಓಣಿಗೆ ಬಂದು ತಾನೇ ಶಟರು ಎತ್ತಿಕೊಟ್ಟು, ಖಾಲಿ ಟೆಂಪೋ ಹೊಡೆದುಕೊಂಡು ದಾಂಡೇಲಿಗೆ ಹೋದ.

ಈಗ ಆ ಅಂಗಡಿಯಲ್ಲಿ ಸಿರಾಜುನ್ನಿಸಾ ಕೂರುತ್ತಾಳೆ. ಮೋಟರು ತಂದವರನ್ನು ಮೊದಲು ದಿಕ್ಕು ಕೇಳಿ, ಸುಣ್ಣದಲ್ಲಿ ಬಾಣ ಬರೆಯುತ್ತಾಳೆ. ದ್ಯಾಮಪ್ಪ ಚಹ ಕಳಿಸುತ್ತಾನೆ. ಖಾಕಿ ಅಂಗಿ ಮೊಳೆಯ ಮೇಲೆಯೇ ಇದೆ, ಮತ್ತೆ ಬಿದ್ದಿಲ್ಲ. ಪಾಳಾದಿಂದ ಬಂದ ದಿನದಿಂದ ಆ ಟಕ್ ಟಕ್ ಒಮ್ಮೆಯೂ ಕೇಳಿಲ್ಲ.

“ಅಮ್ಮಿ, ನೀ ಅಬ್ಬಾನಂಗ ಮೋಟರ್ ತಟ್ಟಂಗಿಲ್ಲ ಯಾಕ?” ಎಂದು ಮೆಹರೀನ ಒಮ್ಮೆ ಕೇಳಿದಳು.

“ಅದು ಅವರದು,” ಎಂದಳು ಅವಳು.

ಸ್ವಿಚ್ ಹಾಕುವ ಮುನ್ನ ಇಂದಿಗೂ ಕೈ ತಡೆದು, ಎರಡು ಸಲ ತಟ್ಟುವಷ್ಟು ಹೊತ್ತು ಸುಮ್ಮನಿರುತ್ತಾಳೆ.