ಒಳಮೈ ಹೊರಗಾದ ಚೆಂಡು

ಹೊಲಿಗೆ ಬಿಟ್ಟ ಮೇಲೆ ದರ್ಜಿಯಮ್ಮ ಹಳೆಯ ಗ್ರೀಟಿಂಗ್ ಕಾರ್ಡುಗಳನ್ನು ದುಂಡಗೆ ಕತ್ತರಿಸಿ, ಬರಹ ಒಳಗಾಗುವಂತೆ ಅಂಟಿಸಿ ಕ್ರಿಸ್ಮಸ್ ಮರಕ್ಕೆ ಚೆಂಡು ಮಾಡುತ್ತಿದ್ದಳು. ಈ ಸಲ ನಾದಿನಿ ತನಗೆ ಬಂದಿದ್ದ ಹಳೆಯ ಕಾರ್ಡುಗಳನ್ನು ಒಂದು ಚೀಲ ತುಂಬಿ ಕಳಿಸಿದಾಗಲೇ ದರ್ಜಿಯಮ್ಮನಿಗೆ ಗುಮಾನಿ, ತನ್ನ ಕಾರ್ಡುಗಳನ್ನೂ ಇದಕ್ಕೇ ತುಂಬಿದ್ದಾಳೋ ಏನೋ ಎಂದು. ಎಲ್ಲವನ್ನೂ ಜಾಲಾಡಿದಳು. ಊರವರದೆಲ್ಲ ಇತ್ತು, ತಾನು ನಾದಿನಿಗೆ ವರ್ಷವರ್ಷ ಕಳಿಸಿದ್ದು ಒಂದೂ ಇಲ್ಲ.

"ನಂದನ್ನ ಬಂದ ದಿನಾನೇ ಕಸಕ್ಕೆ ಹಾಕಿದಾಳೆ," ಎಂದು ಹಲ್ಲು ಕಡಿಯುತ್ತ ನಾದಿನಿಯ ಮನೆಗೇ ನುಗ್ಗಿದಳು.

ಅಲ್ಲಿ ಮರದ ತುದಿಯಲ್ಲಿ ಒಂದು ಸೊಟ್ಟ ಚೆಂಡು. ಚಿತ್ರ ಒಳಗೆ, ಬರಹ ಹೊರಗೆ.

"ಉಲ್ಟಾ ಅಂಟಿಸಿದೀಯಲ್ಲೇ, ಪೆದ್ದಿ!"

"ಬೇಕಂತಲೇ ಅತ್ತಿಗೆ. ಹತ್ರ ಬಂದು ಓದಿ."

ಸುತ್ತಲೂ ದರ್ಜಿಯಮ್ಮನದೇ ಕಾಗೆಕಾಲು ಗುಬ್ಬಿಕಾಲಿನ ಅಕ್ಷರ. ಅವಳು ಬಹಳ ಹೊತ್ತು ಕನ್ನಡಕ ಒರೆಸಿಕೊಂಡಳು.

"ಗೋಂದು ಗಟ್ಟಿಯಾಗಿ ಹಾಕಿದೀಯಾ ತಾನೇ?" ಎಂದಳು. "ನಿನ್ನ ನಂಬೋಕಾಗಲ್ಲ."