ಮರಳಿನಲ್ಲಿ ಹದಿನಾಲ್ಕು ಗುಳಿ

ಕುಂಬಳೆ ಹತ್ತಿರದ ಅನಂತಪುರದ ರಶ್ಮಿತಾ ಮತ್ತು ನಾನು ಹತ್ತನೆಯವರೆಗೆ ಒಂದೇ ಬೆಂಚಿನಲ್ಲಿ ಕೂತವರು. ಅವಳ ತಾಯಿ ಅಕ್ಕು ಬೀಡಿ ಕಟ್ಟಿ ಮಗಳನ್ನು ನರ್ಸಿಂಗ್ ಓದಿಸಿದರು. ನಾನು ಪುತ್ತಿಗೆಯಲ್ಲಿ ಟೀಚರಾದೆ. ಅವಳು ಸೌದಿಗೆ ಹೋಗಿ ಹನ್ನೊಂದು ವರ್ಷ ಮಕ್ಕಳ ವಾರ್ಡಿನಲ್ಲಿ ದುಡಿದು, ಅರಬಿ ಮಾತು ಸಲೀಸಾದ ಮೇಲೆ ಊರಿಗೆ ಬಂದಳು. ನಾಯ್ಮಾರ್ಮೂಲೆಯ ಒಂದು ಕ್ಲಿನಿಕ್ಕಿನಲ್ಲಿ ಕೆಲಸವೂ ಸಿಕ್ಕಿತು. ಇನ್ನು ಇವಳು ಎಲ್ಲಿಗೂ ಹೋಗುವವಳಲ್ಲ ಎಂದೇ ನಾವೆಲ್ಲ ತಿಳಿದಿದ್ದೆವು.

ಅಷ್ಟರಲ್ಲಿ ಸುಡಾನಿನಲ್ಲಿ ಯುದ್ಧ ಹತ್ತಿಕೊಂಡಿತು. ಗಡಿ ದಾಟಿ ಚಾಡ್ ದೇಶಕ್ಕೆ ಓಡಿ ಬಂದವರ ಶಿಬಿರಕ್ಕೆ ಅರಬಿ ಬಲ್ಲ ನರ್ಸುಗಳು ಬೇಕು ಎಂದು ಒಂದು ಪರಿಹಾರ ಸಂಸ್ಥೆಯವರು ಕರೆ ಕೊಟ್ಟರು. ರಶ್ಮಿತಾ ಅರ್ಜಿ ಹಾಕಿ ಆದ ಮೇಲೆಯೇ ತಾಯಿಗೆ ಹೇಳಿದ್ದು.

"ಅಲ್ಲಿ ಯುದ್ಧ ಅಲ್ವಾ ಮಗಾ? ನಿನಗೆ ಎಂತ ಮರ್ಲಾ, ಹುಚ್ಚಾ?" ಅಂದರು ಅಕ್ಕು.

"ಯುದ್ಧ ಗಡಿಯ ಆಚೆ ಅಮ್ಮಾ. ನಾನು ಇರುವುದು ಈಚೆ."

"ಮಕ್ಕಳು ಉಂಟಾ ಅಲ್ಲಿ?"

"ಮಕ್ಕಳೇ ಹೆಚ್ಚು."

ಅಕ್ಕು ಮರುದಿನ ಕುಂಬಳೆಗೆ ಹೋಗಿ ಮಗಳಿಗೆ ಎರಡು ಹತ್ತಿ ಚೂಡಿದಾರ್ ಹೊಲಿಯಲು ಕೊಟ್ಟು ಬಂದರು.

ಶಿಬಿರದಲ್ಲಿ ಅವಳಿಗೆ ಸಿಕ್ಕಿದ್ದು ಗಾಯಕ್ಕೆ ಮದ್ದು ಹಾಕಿ ಕಟ್ಟುವ ಡೇರೆ. ಎರಡನೇ ವಾರ ಒಬ್ಬ ಅಜ್ಜಿ ಒಂಬತ್ತು ವರ್ಷದ ಮೊಮ್ಮಗಳನ್ನು ಕರೆತಂದಳು. ಹೆಸರು ಇಖ್ಲಾಸ್. ಮೊಣಕೈಯ ಮೇಲೆ ಸುಟ್ಟ ಗಾಯ, ಅದು ಮಾಯುವ ಹಂತದಲ್ಲಿತ್ತು. ಆದರೆ ಮನೆ ಉರಿದ ದಿನದಿಂದ ಹುಡುಗಿ ಒಂದು ಮಾತೂ ಆಡಿರಲಿಲ್ಲ. ಹೊರಗೆ ನೀರಿನ ಲಾರಿ ಸದ್ದು ಮಾಡಿದರೆ ಸಾಕು, ಎಲ್ಲಿದ್ದರೂ ಅಲ್ಲೇ ನೆಲಕ್ಕೆ ಬೋರಲು ಬಿದ್ದು ಕಿವಿ ಮುಚ್ಚಿಕೊಳ್ಳುತ್ತಿದ್ದಳು.

ರಶ್ಮಿತಾಳ ಮನಸ್ಸು ತಡೆಯಲಿಲ್ಲ. ಒಂದು ದಿನ ಬ್ಯಾಂಡೇಜ್ ಬಿಚ್ಚುತ್ತಾ, "ಎಂತ ಆಯ್ತು ಮಗೂ? ನೀನು ಏನು ನೋಡಿದೆ?" ಎಂದು ಅರಬಿಯಲ್ಲಿ ಕೇಳಿಯೇ ಬಿಟ್ಟಳು. ಇಖ್ಲಾಸ್ ಗಡಗಡ ನಡುಗಿದಳು. ಕೂತಲ್ಲೇ ಬಟ್ಟೆ ಒದ್ದೆಯಾಯಿತು. ಮತ್ತೆ ನಾಲ್ಕು ದಿನ ಡೇರೆಯ ಕಡೆಗೆ ಬರಲಿಲ್ಲ.

"ನನಗೆ ಆ ದಿನ ಊಟ ಸೇರಲಿಲ್ಲ ಮಾರಾಯ್ತಿ," ಎಂದಳು ರಶ್ಮಿತಾ, ಊರಿಗೆ ಮರಳಿದ ಮೇಲೆ ನನ್ನಲ್ಲಿ. "ಪಾಪ ಅಂತ ಕೇಳಿದ್ದು. ಆದರೂ ತಪ್ಪೇ ಅಲ್ವಾ?"

ಮಕ್ಕಳ ಮನಸ್ಸಿನ ಗಾಯ ನೋಡಿಕೊಳ್ಳುವ ಝೈನಬ್ ಎಂಬವರು ಅಲ್ಲಿದ್ದರು. ಅವರು ಬೈಯಲಿಲ್ಲ. "ಏನೂ ಕೇಳಬೇಡ. ದಿನಾ ಒಂದೇ ಹೊತ್ತಿಗೆ, ಒಂದೇ ಜಾಗದಲ್ಲಿ ಕೂರು. ನೀನು ಇರುತ್ತೀ ಅಂತ ಅವಳಿಗೆ ಗೊತ್ತಾಗಲಿ, ಅಷ್ಟು ಸಾಕು," ಎಂದರು.

ಹಾಗೆ ರಶ್ಮಿತಾ ದಿನಾ ಸಂಜೆ ನಾಲ್ಕಕ್ಕೆ ಆ ಅಜ್ಜಿ ಮೊಮ್ಮಗಳ ಡೇರೆಯ ಹೊರಗೆ, ಒಂದು ಮುಳ್ಳು ಮರದ ನೆರಳಿನಲ್ಲಿ ಕೂರತೊಡಗಿದಳು. ಸುಮ್ಮನೆ ಕೂತು ಕೂತು ಬೇಸರ ಬಂತು. ಒಂದು ದಿನ ಚಮಚದಿಂದ ಮರಳಿನಲ್ಲಿ ಗುಳಿ ತೋಡಿದಳು. ಈ ಕಡೆ ಏಳು, ಆ ಕಡೆ ಏಳು. ಗುಳಿಗೆ ನಾಲ್ಕರಂತೆ ಸಣ್ಣ ಕಲ್ಲು ಹಾಕಿ ಒಬ್ಬಳೇ ಚೆನ್ನೆ ಆಡಿದಳು. ಆಟಿ ತಿಂಗಳ ಮಳೆಗೆ ಹೊರಗೆ ಹೋಗಲಾಗದಾಗ ನಮ್ಮ ತುಳುವರ ಮನೆಗಳಲ್ಲಿ ಗುಳಿ ಕೊರೆದ ಮಣೆಯಲ್ಲಿ ಮಂಜೊಟ್ಟಿ ಎಂಬ ಕೆಂಪು ಬೀಜಗಳ ಕಾಯಿ ಹಾಕಿ ಆಡುವ ಆಟ ಅದು.

ಅಜ್ಜಿ ನೀರು ಹೊತ್ತು ಬರುತ್ತಿದ್ದವಳು ಅಲ್ಲೇ ನಿಂತಳು. ಕೊಡ ಇಳಿಸಿದಳು. ಬಾಯಿ ಬಿಟ್ಟು ನಕ್ಕಳು.

"ಇದನ್ನು ನಿನಗೆ ಯಾರು ಕಲಿಸಿದ್ದು?"

"ನನ್ನ ಅಮ್ಮ."

"ನನಗೂ ನನ್ನ ಅಮ್ಮನೇ!" ಎಂದು ಅಜ್ಜಿ ಎದುರಿಗೆ ಕೂತಳು. "ಆದರೆ ನೀನು ಆಡುವುದು ಸರಿಯಿಲ್ಲ," ಎಂದು ತಮ್ಮೂರಿನ ಲೆಕ್ಕ ಹೇಳಿಕೊಟ್ಟಳು.

ಇದನ್ನು ಹೇಳುವಾಗ ರಶ್ಮಿತಾ ತನ್ನ ಕೈ ನನಗೆ ತೋರಿಸಿದಳು. ರೋಮ ನಿಂತಿತ್ತು. "ನಡುವೆ ಒಂದು ಸಮುದ್ರ ಉಂಟು. ಈ ಆಟ ಅಲ್ಲಿಂದ ಇಲ್ಲಿಗೆ ಬಂತಾ, ಇಲ್ಲಿಂದ ಅಲ್ಲಿಗೆ ಹೋಯ್ತಾ, ಯಾರಿಗೆ ಗೊತ್ತು?"

ಇಖ್ಲಾಸ್ ಡೇರೆಯ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. ಮರುದಿನ ಎರಡು ಹೆಜ್ಜೆ ಹತ್ತಿರ. ವಾರ ಕಳೆಯುವಾಗ ಅಜ್ಜಿಯ ಬೆನ್ನಿಗೆ ಒರಗಿ ಕೂತಿದ್ದಳು. ಒಂದು ಸಂಜೆ ರಶ್ಮಿತಾ ಸಾಲಾಗಿ ಗುಳಿಗೊಂದು ಕಲ್ಲು ಹಾಕುತ್ತಾ ಕಣ್ಣುತಪ್ಪಿ ಒಂದು ಗುಳಿ ಬಿಟ್ಟು ಮುಂದೆ ಹೋದಳು.

"ಗಲತ್!"

ತಪ್ಪು ಎಂದು ಹೇಳಿದ್ದು ಇಖ್ಲಾಸ್. ಅಜ್ಜಿ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ರಶ್ಮಿತಾ ಏನೂ ಆಗದವಳ ಹಾಗೆ, "ಹೌದಾ? ಹಾಗಾದರೆ ನೀನೇ ಹಾಕು," ಎಂದು ಕಲ್ಲುಗಳನ್ನು ಹುಡುಗಿಯ ಕೈಗೆ ಕೊಟ್ಟಳು.

ಅಲ್ಲಿಗೆ ಎಲ್ಲ ಸರಿಹೋಯಿತು ಎಂದಲ್ಲ. ಮುಂದಿನ ತಿಂಗಳು ಶಿಬಿರದ ಒಂದು ಮೂಲೆಯಲ್ಲಿ ಒಲೆಯ ಕಿಡಿ ಹಾರಿ ಡೇರೆಯೊಂದು ಉರಿಯಿತು. ಇಖ್ಲಾಸ್ ಮತ್ತೆ ಇಪ್ಪತ್ತು ದಿನ ಮೂಕಿ. ರಶ್ಮಿತಾ ದಿನಾ ನಾಲ್ಕಕ್ಕೆ ಹೋಗಿ ಕೂತಳು. ಇಪ್ಪತ್ತೊಂದನೇ ದಿನ ಬೆಳಿಗ್ಗೆ ಅಜ್ಜಿ ಮದ್ದಿನ ಡೇರೆಗೆ ಓಡಿ ಬಂದಳು.

"ಅತ್ತಳು! ತಾಯಿಯ ಹೆಸರು ಹಿಡಿದು ಅತ್ತಳು. ಎಲ್ಲ ಹೇಳಿದಳು."

ಎಂತ ಹೇಳಿದಳು ಎಂದು ರಶ್ಮಿತಾ ಕೇಳಲಿಲ್ಲ. ನಾನು ಕೇಳಿದಾಗ, "ಅದು ಅವರ ಮನೆಯ ಮಾತು," ಎಂದಳು.

ಆಮೇಲೆ ಮುಳ್ಳು ಮರದ ಕೆಳಗೆ ಮಕ್ಕಳು ಸೇರತೊಡಗಿದರು. ಆಡಿನ ಹಿಕ್ಕೆ, ಬಾಟಲಿ ಮುಚ್ಚಳ, ಸಿಕ್ಕಿದ್ದೇ ಕಾಯಿ. ಝೈನಬ್ ಅಲ್ಲೇ ಒಂದು ಚಪ್ಪರ ಹಾಕಿಸಿದರು. ಒಂದು ದಿನ ಹೊಸದಾಗಿ ಗಡಿ ದಾಟಿ ಬಂದ ಐದು ವರ್ಷದ ಪುಟ್ಟಿಯೊಬ್ಬಳು ಚಪ್ಪರದ ಕಂಬ ಅಪ್ಪಿಕೊಂಡು ನಿಂತಳು. ಯಾರು ಕರೆದರೂ ಕೈ ಬಿಡಲಿಲ್ಲ. ಇಖ್ಲಾಸ್ ಎದ್ದು ಹೋದಳು. ಹೆಸರು ಕೇಳಲಿಲ್ಲ, ಮೈ ಮುಟ್ಟಲಿಲ್ಲ. ಕಂಬದಿಂದ ಒಂದು ಮಾರು ದೂರ ಕೂತು, ಬೆರಳಿನಿಂದ ಮೆಲ್ಲನೆ ಗುಳಿ ತೋಡಲು ಶುರುಮಾಡಿದಳು. ಪುಟ್ಟಿ ಕಂಬ ಬಿಡುವವರೆಗೆ, ಹೆಚ್ಚುಕಡಿಮೆ ಎರಡು ಗಂಟೆ, ಅಲ್ಲಿಂದ ಏಳಲಿಲ್ಲ.

"ನಾನು ಇಷ್ಟು ವರ್ಷ ನರ್ಸ್. ನನಗೆ ಅದನ್ನು ಹೇಳಿ ಕಲಿಸಬೇಕಾಯ್ತು. ಅವಳಿಗೆ ಯಾರೂ ಹೇಳಲಿಲ್ಲ ಮಾರಾಯ್ತಿ," ಎಂದಳು ರಶ್ಮಿತಾ.

ಹದಿನಾಲ್ಕು ತಿಂಗಳ ಕರಾರು ಮುಗಿಸಿ ಅವಳು ಊರಿಗೆ ಬಂದಳು. ಈಗ ಪುತ್ತಿಗೆಯಲ್ಲಿ ಪಾಲಿಯೇಟಿವ್ ನರ್ಸ್, ಹಾಸಿಗೆ ಹಿಡಿದವರ ಮನೆಮನೆಗೆ ಜೀಪಿನಲ್ಲಿ ಹೋಗುತ್ತಾಳೆ. ಅಲ್ಲಿನ ಯುದ್ಧ ಇನ್ನೂ ನಿಂತಿಲ್ಲ. ಇಖ್ಲಾಸ್ ಶಿಬಿರದ ಶಾಲೆಯಲ್ಲಿ ಓದುತ್ತಿದ್ದಾಳೆ. ಲಾರಿ ಬಂದರೆ ಈಗಲೂ ಬೆಚ್ಚುತ್ತಾಳಂತೆ, ಆದರೆ ನೆಲಕ್ಕೆ ಬೀಳುವುದಿಲ್ಲ. ಪಕ್ಕದಲ್ಲಿರುವ ಮಗುವಿನ ಕೈ ಹಿಡಿದುಕೊಂಡು ಲಾರಿ ದಾಟಿ ಹೋಗುವವರೆಗೆ ನಿಲ್ಲುತ್ತಾಳಂತೆ.