ಮರಿ ಗುಡಿಸಲಿಗೆ ಹೋದವರು

ಗಂಡನ ಹೆಸರನ್ನು ನಮ್ಮಲ್ಲಿ ಬಾಯಿಬಿಟ್ಟು ಹೇಳುವುದಿಲ್ಲ. ನಾನು ಇವತ್ತಿಗೂ ಹೇಳಿಲ್ಲ. ಬರೆಯುವುದಕ್ಕೆ ಅಡ್ಡಿಯಿಲ್ಲ. ಚಿತ್ರಲಿಂಗಪ್ಪ. ಶ್ರೀರಾಂಪುರದಿಂದ ಒಳಗೆ, ಬಸ್ಸು ಬಾರದ ಹಟ್ಟಿಯವರು. ಕುರಿ ಕಾಯುತ್ತಿದ್ದರು. ಹೋದಾಗ ಮೀಸೆಯಲ್ಲಿ ಒಂದು ಕೂದಲೂ ಬೆಳ್ಳಗಾಗಿರಲಿಲ್ಲ.

ಉದ್ದ ಆಳು. ಸೂರಿನ ಕೆಳಗೆ ಮಲಗಿದರೆ ಅವರಿಗೆ ನಿದ್ದೆ ಹತ್ತುತ್ತಿರಲಿಲ್ಲ. ಮದುವೆಯಾದ ಹೊಸದರಲ್ಲೂ ಕಂಬಳಿ ಹೊದ್ದು ರೊಪ್ಪಕ್ಕೆ ಹೋಗಿ ಮಲಗುತ್ತಿದ್ದರು. ರೊಪ್ಪ ಎಂದರೆ ಮನೆ ಹಿಂದೆ ಮುಳ್ಳುಬೇಲಿ ಹಾಕಿ ಕುರಿ ಕೂಡುವ ಜಾಗ. ಹಟ್ಟಿಯ ಹೆಂಗಸರು ನಗುತ್ತಿದ್ದರು.

"ಏನೇ ಹೊನ್ನಕ್ಕ, ನಿನ್ ಗಂಡ ನಿನ್ ಮಾತು ಕೇಳ್ತಾನೋ, ಟಗರಿನ ಮಾತು ಕೇಳ್ತಾನೋ?"

ನಾನು ಅತ್ತಿದ್ದೆ. ಆಮೇಲೆ ರೂಢಿಯಾಯಿತು.

ಕುರಿಗೆ ಕಾಯಿಲೆ ಬಂದರೆ ಅವರದು ಒಂದೇ ಕಟ್ಟು. ಕಾಯಿಲೆಯವು ಬೇರೆ, ಒಳ್ಳೆಯವು ಬೇರೆ. ಕಾಯಿಲೆ ಕುರಿ ನೋಡುವವನು ಒಳ್ಳೆ ರೊಪ್ಪಕ್ಕೆ ಕಾಲಿಡಬಾರದು. ನೀರಿನ ಬಾನಿಯೂ ಬೇರೆ. ಅವರಪ್ಪ ಹೇಳಿಕೊಟ್ಟದ್ದು. ಕುರಿಗೆ ಅಮ್ಮ ಎದ್ದ ವರ್ಷ ಬೇರೆಯವರ ಮಂದೆ ಅರ್ಧ ಕರಗಿತು. ನಮ್ಮದು ಉಳಿಯಿತು.

ನಮ್ಮ ಮೊದಲ ಕೂಸು ದಡಾರದಲ್ಲಿ ಹೋಯಿತು. ಆಗ ಅವರು ಹಿರಿಯೂರಿನ ಕಡೆ, ಬಬ್ಬೂರಿನಾಚೆ ಹೊಲಗಳಲ್ಲಿ ಮಂದೆ ನಿಲ್ಲಿಸಿಕೊಂಡಿದ್ದರು. ಹಟ್ಟಿಯ ಮಕ್ಕಳೆಲ್ಲ ಕೆಮ್ಮುತ್ತಿದ್ದವು. ಅಮ್ಮ ಮನೆಗೆ ಬಂದಾಗ ಯಾರನ್ನೂ ದೂರ ಮಾಡಬಾರದು ಎಂದು ಎಲ್ಲರನ್ನೂ ಒಂದೇ ಕಂಬಳಿಯಲ್ಲಿ ಮಲಗಿಸಿದ್ದೆವು. ಅವರು ಬರುವಷ್ಟರಲ್ಲಿ ಮಣ್ಣು ಮಾಡಿದ್ದೆವು. ಅವರು ಆ ಕಂಬಳಿ ಯಾವುದು ಎಂದು ಕೇಳಿದರು. ತೋರಿಸಿದೆ. ಹೊರಗೆ ಹಾಕಿ ಸುಟ್ಟರು.

ಆಮೇಲೆ ಮಲ್ಲಿ ಹುಟ್ಟಿದಳು, ಓಬಣ್ಣ ಹುಟ್ಟಿದ, ಕೊನೆಗೆ ಚಂದ್ರಿ.

ಎಪ್ಪತ್ತೈದರ ಬೇಸಿಗೆ. ಚಂದ್ರಿ ಇನ್ನೂ ಮಗುಚಿಕೊಳ್ಳುತ್ತಿದ್ದಳು. ನಮ್ಮತ್ತೆ ಬೊಮ್ಮಕ್ಕ ಮಲ್ಲಿಯನ್ನು ಕರೆದುಕೊಂಡು ಶ್ರೀರಾಂಪುರಕ್ಕೆ ನೆಂಟರ ಮದುವೆಗೆ ಹೋಗಿ ಬಂದರು. ಮದುವೆ ಊಟದ ಸುದ್ದಿ ಹಳೆಯದಾದ ಮೇಲೆ ಮಲ್ಲಿಗೆ ಜ್ವರ ಬಂತು. ಕೈ ಇಟ್ಟರೆ ಸುಡುತ್ತಿತ್ತು. ಕಣ್ಣು ಕೆಂಪು. ಬೆಳಕು ಕಂಡರೆ ಮುಖ ತಿರುಗಿಸುತ್ತಿದ್ದಳು. ಕಿವಿಯ ಹಿಂದೆ ಕೆಂಪು ಗುಳ್ಳೆ ಎದ್ದವು.

ಅತ್ತೆ ಬಾಗಿಲಿಗೆ ಬೇವಿನ ಸೊಪ್ಪು ಸಿಕ್ಕಿಸಿದರು. ಒಗ್ಗರಣೆ ನಿಲ್ಲಿಸಿದರು. ನಮ್ಮವರು ಮಂದೆಯಿಂದ ಬಂದವರು ಬಾಗಿಲಲ್ಲೇ ನಿಂತು ಸೊಪ್ಪು ನೋಡಿದರು. ಆಮೇಲೆ ಚಂದ್ರಿಯ ತೊಟ್ಟಿಲು ನೋಡಿದರು. ಒಳಗೆ ಬರಲಿಲ್ಲ. ಕುರಿಗಳನ್ನು ಹೊಡೆದುಕೊಂಡು ಹೋಗಿ ತಮ್ಮ ಅಣ್ಣ ದುರುಗಣ್ಣನ ರೊಪ್ಪಕ್ಕೆ ಬಿಟ್ಟು ಬಂದರು. ನಮ್ಮ ರೊಪ್ಪದ ಮೂಲೆಯಲ್ಲಿ ಎಳೆ ಮರಿಗಳನ್ನು ಕೂಡುವ ಒಂದು ಗುಡಿಸಲಿತ್ತು. ಅದನ್ನು ಗುಡಿಸಿ, ಹೊಂಗೆ ಸೊಪ್ಪು ಹಾಸಿದರು. ಬಂದು ಮಲ್ಲಿಯನ್ನು ಎತ್ತಿಕೊಂಡರು.

ಅತ್ತೆ ಅಡ್ಡ ನಿಂತರು.

"ಅಮ್ಮನ್ನ ತಗಂಡೋಗಿ ಕುರಿ ರೊಪ್ಪದಾಗೆ ಕೂಡ್ತೀಯೇನೋ? ಕಣ್ಣು ಕಿತ್ಕತಾಳೆ!"

"ಕಿತ್ಕಂಡ್ರೆ ನನ್ನ ಕಣ್ಣು ಕಿತ್ಕಳ್ಳಿ ಬಿಡವ್ವ."

"ಕುರಿ ಬೇರೆ, ಮಕ್ಳು ಬೇರೆ ಕಣೋ."

"ಕುರೀಗೇ ಅಷ್ಟು ಮಾಡ್ತೀವಿ. ಮಕ್ಳಿಗೆ ಮಾಡಬಾರ್ದಾ? ಕೂಸು ಐತೆ ಮನೇಲಿ. ಹೋದ ಸಲದ್ದು ಮರ್ತ್ಯೇನವ್ವ?"

ಅತ್ತೆ ದಾರಿ ಬಿಟ್ಟರು. ಮಾತು ಬಿಡಲಿಲ್ಲ. ಸಂಜೆಯವರೆಗೂ ಅಂಗಳದಲ್ಲಿ ಬೈಯುತ್ತಾ ಓಡಾಡಿದರು.

ನಾನು ಹಿಂದೆ ಹೊರಟೆ. ನಮ್ಮವರು ತಡೆದರು. "ನೀನು ಕೂಸಿಗೆ ಹಾಲು ಕೊಡೋಳು. ಇತ್ಲಾಗೆ ಬರಬ್ಯಾಡ." ಬೇಲಿಯ ಬಾಯಿಗೆ ಮುಳ್ಳಿನ ಪಡಕು ಎಳೆದುಕೊಂಡರು.

ಮನೆಗೂ ರೊಪ್ಪಕ್ಕೂ ನಡುವೆ ಒಂದು ಒರಳುಕಲ್ಲಿತ್ತು. ಅಂಬಲಿ, ಮಜ್ಜಿಗೆ ಅದರ ಮೇಲಿಟ್ಟು ನಾನು ಹಿಂದಕ್ಕೆ ಬರಬೇಕು. ಆಮೇಲೆ ಅವರು ಬಂದು ತೆಗೆದುಕೊಳ್ಳುವರು. ಖಾಲಿ ಪಾತ್ರೆಗೆ ಬೂದಿ ಹಾಕಿ ಉಜ್ಜಿ ಇಡುವರು. ಓಬಣ್ಣನಿಗೂ ಮೈ ಬಿಸಿಯಾಯಿತು. ಅವನನ್ನೂ ಕಲ್ಲಿನ ಹತ್ತಿರ ಬಿಟ್ಟು ಬಂದೆ. "ಅವ್ವಾ" ಅಂತ ಅಳುತ್ತಿದ್ದ. ಅವರು ಬಂದು ಹೆಗಲ ಮೇಲೆ ಹಾಕಿಕೊಂಡು ಹೋದರು. ಮರಿ ಹೊರುವ ಹಾಗೆಯೇ ಹೊತ್ತರು.

ನನಗೆ ಕೂತಲ್ಲಿ ಕೂರಲು ಆಗುತ್ತಿರಲಿಲ್ಲ. ರಾಗಿ ಬೀಸಲು ಕೂತರೆ ಎದ್ದು ತೊಟ್ಟಿಲಿಗೆ ಹೋಗುವುದು. ಹಣೆ ಮುಟ್ಟುವುದು. ಬೇಲಿಗೆ ಹೋಗುವುದು. ಮತ್ತೆ ತೊಟ್ಟಿಲು. ಬಿಸಿಲಿಗೆ ಎಲ್ಲರ ಮೈಯೂ ಬಿಸಿಯಾಗಿಯೇ ಇತ್ತು. ಯಾವುದು ಜ್ವರ, ಯಾವುದು ಬಿಸಿಲು ತಿಳಿಯದು. ಅವರು ಬೇಲಿಯಾಚೆಯಿಂದ ಕೂಗುವರು.

"ಹೊನ್ನೀ, ಹಣೆ ಮುಟ್ಟಿದ್ಯಾ?"

"ತಣ್ಣಗೈತೆ."

"ಹೊಟ್ಟೆ ಮುಟ್ಟು. ಹಣೆ ಸುಳ್ಳು ಹೇಳ್ತೈತೆ."

ದುರುಗಣ್ಣ ಭಾವ ದಾರಿಯಲ್ಲಿ ನಿಂತು ಛೇಡಿಸಿದರು. "ಏನಲೇ, ಮಕ್ಳ ಜೊತೆ ನೀನೂ ಮರಿ ಆಗ್ಬಿಟ್ಯೇನಲೇ?"

"ಹೂನಣ್ಣ. ಸಂಜೆ ಬಂದು ನಂಗೂ ಮೊಲೆ ಕುಡಿಸಿ ಹೋಗು."

ಮಲ್ಲಿಯ ನಗು ಕೇಳಿಸಿತು. ಜ್ವರ ಬಂದ ಮೇಲೆ ಅವಳು ನಕ್ಕದ್ದು ಅದೇ ಮೊದಲು.

ಮಕ್ಕಳು ಚೇತರಿಸಿಕೊಂಡವು. ಗುಳ್ಳೆ ಬಾಡಿ ಕಪ್ಪಾದವು. ಬೇಲಿಯ ಹತ್ತಿರ ಬಂದು ಹಸಿವು ಎಂದವು. ಚಂದ್ರಿಗೆ ಏನೂ ಆಗಲಿಲ್ಲ. ನೀರೆರೆದು ಮನೆಗೆ ಕರೆದುಕೊಳ್ಳೋಣ ಎಂದು ಅತ್ತೆ ಹಂಡೆಗೆ ನೀರು ತುಂಬುತ್ತಿದ್ದರು.

ಆವತ್ತು ಅವರ ದನಿ ಒಡೆದಿತ್ತು. ಕೆಮ್ಮು ಕೇಳಿಸಿತು.

"ಏನ್ರಿ ಅದು?"

"ಕೂಗಿ ಕೂಗಿ ಗಂಟ್ಲು ಕಟ್ಟೈತೆ. ಕೂಸು ಹೆಂಗೈತೆ?"

ಮರುದಿನ ಕಲ್ಲಿನ ಮೇಲಿನ ಅಂಬಲಿ ಹಾಗೆಯೇ ಇತ್ತು. ಕಾಗೆ ಕೂತಿತ್ತು. ಮಲ್ಲಿ ಬೇಲಿಗೆ ಬಂದಳು. "ಅವ್ವ, ಅಪ್ಪ ಏಳ್ತಾ ಇಲ್ಲ. ಕಣ್ಣು ಕೆಂಪಗೈತೆ."

ನಾನು ಓಡಿದೆ. ಒಳಗಿನಿಂದ ಕೂಗಿದರು. "ಬರಬ್ಯಾಡ! ಒಳ್ಳೆ ರೊಪ್ಪದೋಳು ನೀನು." ಕೂಗಿದ್ದಕ್ಕೆ ಉಸಿರು ಸಿಕ್ಕಿಕೊಂಡು ಕೆಮ್ಮಿದರು. ನಾನು ಪಡಕಿನ ಮೇಲೆ ಕೈಯಿಟ್ಟು ನಿಂತೆ. ಹಿಂದೆ ಚಂದ್ರಿ ಅಳುತ್ತಿತ್ತು.

ಅತ್ತೆ ಬಂದರು. ಇಷ್ಟು ದಿನ ಬೈದವರು ನನ್ನ ಕೈ ಸರಿಸಿ ಪಡಕು ಕಿತ್ತರು.

"ನೀನು ನಿನ್ ಮರಿ ನೋಡ್ಕ ಹೋಗೇ. ಇದು ನನ್ ಮರಿ."

ಒಳಗೆ ಹೋದರು. ಅಂಗಿ ಎತ್ತಿ ನೋಡಿರಬೇಕು. ಆಮೇಲೆ ಬೇಲಿಯ ಹತ್ತಿರ ಬಂದು ನಿಂತರು. ಮುಖ ಬೂದಿಯಾಗಿತ್ತು.

"ಹೊನ್ನೀ, ಎದೆ ತುಂಬ ಎದ್ದೈತೆ. ಇವ್ನಿಗೆ ಚಿಕ್ಕೋನಿದ್ದಾಗ ಬಂದೇ ಇರ್ಲಿಲ್ಲ ಕಣೇ. ಹಟ್ಟಿಗೆ ಅಮ್ಮ ಬಂದಾಗೆಲ್ಲ ಇವ್ನು ಅವರಪ್ಪನ ಜೊತೆ ಮಂದೇಲಿರೋನು."

ಕುರಿಯ ಕಾಯಿಲೆ ಕುರಿಗೆ. ಕಾಯುವವನಿಗೆ ಅದು ತಾಕುವುದಿಲ್ಲ. ಅವರು ಹುಟ್ಟಿದಾಗಿನಿಂದ ನೋಡಿದ್ದು ಅದನ್ನೇ. ಈ ರೊಪ್ಪದಲ್ಲಿ ತಾನೂ ಒಂದು ಕುರಿ ಎಂದು ಅವರಿಗೆ ಹೊಳೆಯಲಿಲ್ಲ. ನಮಗೆ ಯಾರಿಗೂ ಹೊಳೆಯಲಿಲ್ಲ. ದೊಡ್ಡವರಿಗೆಲ್ಲ ಯಾವತ್ತೋ ಬಂದು ಹೋಗಿರುತ್ತದೆ ಎಂದುಕೊಂಡಿದ್ದೆವು. ನನಗೆ ಬಂದು ಹೋಗಿತ್ತು. ಅತ್ತೆಗೂ ಬಂದು ಹೋಗಿತ್ತು. ನಮ್ಮಿಬ್ಬರಲ್ಲಿ ಯಾರು ಹೋಗಿದ್ದರೂ ಆಗುತ್ತಿತ್ತು.

ದುರುಗಣ್ಣ ಭಾವ ಗಾಡಿ ಕಟ್ಟಿದರು. ಹುಲ್ಲು ಹಾಸಿ ಮಲಗಿಸಿದರು. ಉಸಿರು ಹಾಕಿದಾಗ ಪಕ್ಕೆಲುಬು ಒಳಕ್ಕೆ ಹೋಗುತ್ತಿತ್ತು. ಗಾಡಿ ಒರಳುಕಲ್ಲಿನ ಹತ್ತಿರ ಬಂದಾಗ ಕೈಯೆತ್ತಿ ನಿಲ್ಲಿಸಿದರು. ನಾನು ಬಾಗಿಲಲ್ಲಿ ಚಂದ್ರಿಯನ್ನು ಎತ್ತಿ ತೋರಿಸಿದೆ. ಅವರ ಬಾಯಿ ಅಲ್ಲಾಡಿತು. ಕೇಳಿಸಲಿಲ್ಲ. ಏನು ಕೇಳಿದರು ಎಂದು ನನಗೆ ಗೊತ್ತು.

"ತಣ್ಣಗೈತೆ! ಹೊಟ್ಟೇನೂ ತಣ್ಣಗೈತೆ!" ಎಂದು ಕಿರುಚಿದೆ.

ತಲೆ ಆಡಿಸಿದರು. ಗಾಡಿ ಹೋಯಿತು.

ಹೊಸದುರ್ಗದ ಆಸ್ಪತ್ರೆಯಲ್ಲಿ ಡಾಕ್ಟರು ಕಾಯಿಲೆ ಎದೆಗೆ ಇಳಿದಿದೆ ಎಂದರಂತೆ. ಸೂಜಿ ಚುಚ್ಚಿದರಂತೆ. ಮಣ್ಣು ಮಾಡಲು ಅದೇ ಗಾಡಿಯಲ್ಲಿ ತಂದರು.

ಮರುವರ್ಷ ದುರುಗಣ್ಣ ಭಾವನ ಮನೆಗೆ ದಡಾರ ಬಂತು. ಚಂದ್ರಿ ಆಗ ಗೋಡೆ ಹಿಡಿದು ನಡೆಯುತ್ತಿದ್ದಳು. ಯಾರೂ ಹೇಳುವ ಮೊದಲೇ ಅತ್ತೆ ಪೊರಕೆ ಹಿಡಿದು ಮರಿ ಗುಡಿಸಲಿಗೆ ಹೋದರು. ಗುಡಿಸಿ, ಸೊಪ್ಪು ಹಾಸಿ, ಹಟ್ಟಿಯ ನಡುವೆ ನಿಂತರು.

"ಬಂದು ಹೋದೋರು ಮಾತ್ರ ಬರ್ರಿ. ನೆನಪಿಲ್ದೋರು ನಿಮ್ಮವ್ವನ್ನ ಕೇಳ್ಕಂಡು ಬರ್ರಿ."

ಭಾವ ಮುಂದೆ ಬಂದರು. ಅವರವ್ವನೂ ಅತ್ತೆಯೇ ಅಲ್ಲವೇ? ಅತ್ತೆ ನೆನಪು ಮಾಡಿಕೊಂಡರು. "ನೀನೂ ಮಂದೇಲಿದ್ದೋನೇ. ಹಿಂದಕ್ಕೆ ಹೋಗು" ಎಂದು ಪೊರಕೆ ಎತ್ತಿದರು. ಆ ಮಕ್ಕಳ ಅಪ್ಪನಾದರೂ ಭಾವ ಹಿಂದೆ ಹೋಗಿ ನಿಂತರು.

ನಾನು ಒಳಗೆ ಹೋದೆ. ಪಡಕು ಎಳೆದುಕೊಂಡೆ. ಆ ಮಕ್ಕಳ ಮೈ ಕೆಂಡವಾಗಿತ್ತು. ಒದ್ದೆ ಬಟ್ಟೆ ಹಾಕುತ್ತಾ ಕೂತರೂ ಕಿವಿ ಮನೆಯ ಕಡೆಗೇ. ಮಧ್ಯೆ ಮಧ್ಯೆ ಎದ್ದು ಬೇಲಿಗೆ ಹೋಗುತ್ತಿದ್ದೆ.

"ಅತ್ತೇ, ಹಣೆ ಮುಟ್ಟಿದ್ರಾ?"

"ಮುಟ್ಟಿದೀನಿ ಕಣೇ. ತಣ್ಣಗೈತೆ. ಆ ಮಕ್ಳನ್ನ ನೋಡ್ಕ ಹೋಗು."

"ಹೊಟ್ಟೆ ಮುಟ್ರಿ," ಎಂದೆ.

ಅತ್ತೆ ಮುಟ್ಟಲು ಒಳಗೆ ಹೋದರು. ನಾನು ಬೇಲಿ ಹಿಡಿದು ಕಾಯುತ್ತಾ ನಿಂತೆ.